ಟ್ರಂಕಿನೊಳಗೆ ಉಳಿದಿದ್ದ ಕವಿ

1954ರ ಅಕ್ಟೋಬರ್ 14ರ ಸಂಜೆ. ದಕ್ಷಿಣ ಕಲ್ಕತ್ತದ ರಾಸಬಿಹಾರಿ ಅವೆನ್ಯೂದಲ್ಲಿ, ದೇಶಪ್ರಿಯ ಪಾರ್ಕಿನ ಹತ್ತಿರ, ವಾಯುಸೇವನೆಗೆಂದು ಹೊರಟಿದ್ದ 55ರ ಪ್ರಾಯದ ಕಾಲೇಜು ಅಧ್ಯಾಪಕರೊಬ್ಬರು ರಸ್ತೆ ದಾಟುವಾಗ ಟ್ರಾಮಿಗೆ ಸಿಕ್ಕಿದರು. ಮೂಳೆಗಳು ಮುರಿದಿದ್ದವು. ಅವರನ್ನು ಶಂಭುನಾಥ ಪಂಡಿತ್ ಆಸ್ಪತ್ರೆಗೆ ಸೇರಿಸಲಾಯಿತು. ಆಮೇಲೆ ನ್ಯುಮೋನಿಯಾ ಹಿಡಿಯಿತು. ಅಕ್ಟೋಬರ್ 22ರ ರಾತ್ರಿ ಅವರು ತೀರಿಕೊಂಡರು. ಹೆಸರು ಜೀವನಾನಂದ ದಾಸ್.

ಸತ್ತವರು ಕವಿ ಎಂಬುದು ಬಂಗಾಳಿ ಸಾಹಿತ್ಯ ವಲಯಕ್ಕೆ ಗೊತ್ತಿತ್ತು. ಕೆಲವೇ ಕವನ ಸಂಕಲನಗಳನ್ನು ಪ್ರಕಟಿಸಿದ್ದ, ಸಭೆ ಸಮಾರಂಭಗಳಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತಿದ್ದ, ಯಾರೊಂದಿಗೂ ಹೆಚ್ಚು ಬೆರೆಯದ ಮನುಷ್ಯ. ‘ಅತ್ಯಂತ ಏಕಾಂಗಿ ಕವಿ’ ಎಂದು ಗೆಳೆಯ ಬುದ್ಧದೇವ ಬೋಸ್ ಕೊಟ್ಟಿದ್ದ ಬಿರುದು ಅವರಿಗೆ ಅಂಟಿಕೊಂಡಿತ್ತು. ಆದರೆ ಅವರ ಮನೆಯಲ್ಲಿದ್ದ ಟ್ರಂಕುಗಳಲ್ಲಿ ಏನಿದೆ ಎಂಬುದು ಆ ಗೆಳೆಯರಿಗೂ ತಿಳಿದಿರಲಿಲ್ಲ. ಶಾಲೆಯ ಮಕ್ಕಳು ಬಳಸುವಂಥ ನೋಟುಪುಸ್ತಕಗಳಲ್ಲಿ, ಒತ್ತೊತ್ತಾದ ಅಕ್ಷರಗಳಲ್ಲಿ, ನೂರಾರು ಅಪ್ರಕಟಿತ ಕವಿತೆಗಳಿದ್ದವು. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ ಹತ್ತಕ್ಕೂ ಹೆಚ್ಚು ಕಾದಂಬರಿಗಳು, 100ಕ್ಕೂ ಮಿಕ್ಕಿದ ಸಣ್ಣಕಥೆಗಳು ಮತ್ತು ವರ್ಷಗಟ್ಟಲೆ ಬರೆದ ದಿನಚರಿಗಳಿದ್ದವು. ಬದುಕಿದ್ದಾಗ ಅವರು ಒಂದೇ ಒಂದು ಕಾದಂಬರಿಯನ್ನೂ ಅಚ್ಚಿಗೆ ಕೊಟ್ಟಿರಲಿಲ್ಲ.

ಇಂದು ರವೀಂದ್ರನಾಥ ಠಾಕೂರರ ನಂತರ ಬಂಗಾಳಿಯ ಅತಿ ದೊಡ್ಡ ಕವಿ ಯಾರೆಂದು ಕೇಳಿದರೆ ಕೋಲ್ಕತ್ತದಲ್ಲೂ ಢಾಕಾದಲ್ಲೂ ಬಹಳಷ್ಟು ಮಂದಿ ಹೇಳುವ ಹೆಸರು ಜೀವನಾನಂದರದು. ಆದರೆ ಆ ಮನ್ನಣೆ ಪಡೆದ ಕವಿಯೂ 1954ರಲ್ಲಿ ತೀರಿಕೊಂಡ ಕವಿಯೂ ಪೂರ್ತಿ ಒಬ್ಬರೇ ಅಲ್ಲ. ಒಬ್ಬ ಲೇಖಕನ ಅರ್ಧಕ್ಕಿಂತ ಹೆಚ್ಚು ಬರಹ ಅವನ ಸಾವಿನ ನಂತರ ಬೆಳಕಿಗೆ ಬಂದಾಗ, ಮೊದಲು ಬಂದಿದ್ದ ಅರ್ಧವನ್ನೂ ಹೊಸದಾಗಿ ಓದಬೇಕಾಗುತ್ತದೆ. ಜೀವನಾನಂದರ ವಿಷಯದಲ್ಲಿ ಆದದ್ದು ಇದೇ.

ಬಾರಿಸಾಲಿನ ಮಗ

ಜೀವನಾನಂದರು ಹುಟ್ಟಿದ್ದು 1899ರ ಫೆಬ್ರವರಿಯಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಬಾರಿಸಾಲಿನಲ್ಲಿ. ಅದು ನದಿ, ಕಾಲುವೆ, ಬತ್ತದ ಗದ್ದೆಗಳ ಸೀಮೆ. ಊರಿನಿಂದ ಊರಿಗೆ ಹೋಗಲು ಗಾಡಿಗಿಂತ ದೋಣಿಯೇ ಹೆಚ್ಚು ಬೇಕಾಗುತ್ತಿದ್ದ ಕಾಲ. ಪಟ್ಟಣದ ಪಕ್ಕದಲ್ಲೇ ಕೀರ್ತನಖೋಲಾ ನದಿ ಹರಿಯುತ್ತದೆ. ಅದೇ ಸೀಮೆಯ ಧಾನಸಿಡಿ ಎಂಬ ಪುಟ್ಟ ನದಿ ಅವರ ಕವಿತೆಯಿಂದಾಗಿ ಮುಂದೆ ಬಂಗಾಳಿಗರೆಲ್ಲರ ಬಾಯಲ್ಲಿ ನಿಂತಿತು.

ಮನೆತನ ಬ್ರಾಹ್ಮ ಸಮಾಜದ್ದು. ತಂದೆ ಸತ್ಯಾನಂದ ದಾಸ್ ಶಾಲಾ ಶಿಕ್ಷಕರು, ‘ಬ್ರಹ್ಮವಾದಿ’ ಎಂಬ ಪತ್ರಿಕೆಯ ಸಂಪಾದಕರು. ತಾಯಿ ಕುಸುಮಕುಮಾರಿ ದಾಸ್ ಸ್ವತಃ ಕವಯಿತ್ರಿ. ಮಾತು ಕಡಿಮೆ, ಕೆಲಸ ಹೆಚ್ಚು ಎಂಬ ನೀತಿಯನ್ನು ಹೇಳುವ ಅವರ ಪದ್ಯ ಬಂಗಾಳದ ಮಕ್ಕಳಿಗೆ ತಲೆಮಾರುಗಳಿಂದ ಬಾಯಿಪಾಠ. ಅಡಿಗೆಮನೆಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರೆಯುತ್ತಿದ್ದ ತಾಯಿಯನ್ನು ನೋಡಿ ಬೆಳೆದ ಹುಡುಗನಿಗೆ ಬರವಣಿಗೆ ಎಂಬುದು ಮನೆಯ ದಿನಚರಿಯ ಭಾಗವೇ ಆಗಿತ್ತು. 1919ರಲ್ಲಿ ಅವರ ಮೊದಲ ಕವಿತೆ ಅಚ್ಚಾದದ್ದು ತಂದೆಯ ಪತ್ರಿಕೆಯಲ್ಲೇ.

ಅಶ್ವಿನಿಕುಮಾರ ದತ್ತರು ಕಟ್ಟಿದ ಬ್ರಜಮೋಹನ ಶಾಲೆ, ಅದೇ ಹೆಸರಿನ ಕಾಲೇಜು, ಆಮೇಲೆ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್, 1921ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಎಂ.ಎ. ಮರುವರ್ಷವೇ ಕಲ್ಕತ್ತದ ಸಿಟಿ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ. ಇಲ್ಲಿಯವರೆಗೆ ಅದು ಅಂದಿನ ವಿದ್ಯಾವಂತ ಬಂಗಾಳಿ ಮಧ್ಯಮವರ್ಗದ ಯಾವ ತರುಣನದ್ದಾದರೂ ಆಗಬಹುದಾಗಿದ್ದ ಜೀವನ. ಮುಂದಿನದು ಹಾಗಿರಲಿಲ್ಲ.

ರವೀಂದ್ರರ ನೆರಳಿನಿಂದ ಆಚೆಗೆ

ಆಗಿನ ಬಂಗಾಳಿ ತರುಣ ಕವಿಗಳಿಗಿದ್ದ ದೊಡ್ಡ ಸಮಸ್ಯೆಯ ಹೆಸರು ರವೀಂದ್ರನಾಥ ಠಾಕೂರ್. 1913ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಅವರಿಗೆ 52 ವರ್ಷ. ಅದರ ನಂತರವೂ ಅವರು 28 ವರ್ಷ ಬರೆಯುತ್ತಲೇ ಇದ್ದರು. ಯಾವ ಛಂದಸ್ಸನ್ನು ಮುಟ್ಟಿದರೂ ಅದರಲ್ಲಿ ಅವರ ಕೈಗುರುತು, ಯಾವ ಭಾವವನ್ನು ಹೇಳಹೊರಟರೂ ಅದನ್ನು ಅವರು ಆಗಲೇ ಹೇಳಿಬಿಟ್ಟಿರುತ್ತಿದ್ದರು. 1923ರಲ್ಲಿ ಆರಂಭವಾದ ‘ಕಲ್ಲೋಲ’ ಪತ್ರಿಕೆಯ ಸುತ್ತ ಸೇರಿದ ತರುಣರು ಈ ನೆರಳಿನಿಂದ ಆಚೆಗೆ ಹೋಗಲು ಹೊರಟರು. ನಗರದ ಬಡತನ, ಕಾಮ, ಹತಾಶೆಗಳನ್ನು ಬರಹಕ್ಕೆ ತಂದರು. ಬುದ್ಧದೇವ ಬೋಸ್, ಸುಧೀಂದ್ರನಾಥ ದತ್ತ, ಬಿಷ್ಣು ದೇ, ಅಮಿಯ ಚಕ್ರವರ್ತಿ ಮತ್ತು ಜೀವನಾನಂದ ಈ ಐವರನ್ನು ಬಂಗಾಳಿ ಆಧುನಿಕ ಕಾವ್ಯದ ಪಂಚಕವೆಂದು ಮುಂದೆ ಕರೆಯಲಾಯಿತು. ಇವರಲ್ಲಿ ಹೆಚ್ಚಿನವರು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರೆಂಬುದು ಕಾಕತಾಳೀಯವಲ್ಲ. ಯೇಟ್ಸ್, ಎಲಿಯಟ್, ಬೋದಿಲೇರ್ ಇವರ ಓದಿನ ಕೋಣೆಯಲ್ಲಿದ್ದರು.

ಜೀವನಾನಂದರ ಮೊದಲ ಸಂಕಲನ ‘ಝರಾ ಪಾಲಕ್’ (ಉದುರಿದ ಗರಿ) 1927ರಲ್ಲಿ ಬಂತು. ಅದರಲ್ಲಿ ನಜ್ರುಲ್ ಇಸ್ಲಾಂ, ಸತ್ಯೇಂದ್ರನಾಥ ದತ್ತ ಮೊದಲಾದವರ ದನಿಯೇ ಹೆಚ್ಚು. ಸ್ವಂತ ದನಿ ಕೇಳಿಸಿದ್ದು 1936ರ ‘ಧೂಸರ ಪಾಂಡುಲಿಪಿ’ (ಬೂದುಬಣ್ಣದ ಹಸ್ತಪ್ರತಿ) ಸಂಕಲನದಲ್ಲಿ. ಈ ಎರಡು ಪುಸ್ತಕಗಳ ನಡುವೆ ಒಂಬತ್ತು ವರ್ಷಗಳಿವೆ. ಕವಿಯ ಬದುಕನ್ನು ಮುರಿದದ್ದೂ, ಕವಿಯನ್ನು ಕಟ್ಟಿದ್ದೂ ಈ ಒಂಬತ್ತು ವರ್ಷಗಳೇ.

ಕೆಲಸ ಕಳೆದುಕೊಂಡ ಕಥೆ

1928ರಲ್ಲಿ ಜೀವನಾನಂದರು ಸಿಟಿ ಕಾಲೇಜಿನ ಕೆಲಸ ಕಳೆದುಕೊಂಡರು. ಕವಿತೆಯಲ್ಲಿ ಅಶ್ಲೀಲತೆಯಿದೆ ಎಂದು ಅವರನ್ನು ತೆಗೆದುಹಾಕಿದರೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಸಮಾಜದಿಂದ ಹಿಂಸೆಗೊಳಗಾದ ಕವಿಯ ಚಿತ್ರಕ್ಕೆ ಆ ಕಥೆ ಚೆನ್ನಾಗಿ ಒಪ್ಪುತ್ತದೆ. ಆದರೆ ವಾಸ್ತವ ಇನ್ನಷ್ಟು ಸಪ್ಪೆ, ಇನ್ನಷ್ಟು ಕ್ರೂರ.

ಸಿಟಿ ಕಾಲೇಜು ಬ್ರಾಹ್ಮ ಸಮಾಜದವರ ಸಂಸ್ಥೆ, ವಿಗ್ರಹಾರಾಧನೆಯನ್ನು ಒಪ್ಪದ್ದು. ಅದರ ರಾಮಮೋಹನ ರಾಯ್ ಹಾಸ್ಟೆಲಿನಲ್ಲಿ ಹಿಂದೂ ವಿದ್ಯಾರ್ಥಿಗಳು ಸರಸ್ವತಿ ಪೂಜೆ ನಡೆಸಿದಾಗ ಆಡಳಿತ ಕ್ರಮ ಕೈಗೊಂಡಿತು. ವಿವಾದ ಊರೆಲ್ಲ ಹಬ್ಬಿತು. ಸುಭಾಷ್‌ಚಂದ್ರ ಬೋಸ್ ವಿದ್ಯಾರ್ಥಿಗಳ ಪರ ನಿಂತರು. ರವೀಂದ್ರನಾಥರು ಕಾಲೇಜಿನ ಪರವಾಗಿ ಬರೆದರು. ಅನೇಕ ವಿದ್ಯಾರ್ಥಿಗಳು ಕಾಲೇಜು ಬಿಟ್ಟರು, ಶುಲ್ಕದ ಆದಾಯ ಕುಸಿಯಿತು. ಖರ್ಚು ಕಡಿಮೆ ಮಾಡಲು ಕಿರಿಯ ಅಧ್ಯಾಪಕರನ್ನು ತೆಗೆಯಲಾಯಿತು. ಆ ಪಟ್ಟಿಯಲ್ಲಿ ಜೀವನಾನಂದರ ಹೆಸರಿತ್ತು. ಅವರ ಕವಿತೆಗೂ ಅದಕ್ಕೂ ಸಂಬಂಧವಿರಲಿಲ್ಲ. ದೊಡ್ಡವರ ಜಗಳದಲ್ಲಿ ಅನ್ನ ಕಳೆದುಕೊಂಡ ಸಣ್ಣ ನೌಕರ, ಅಷ್ಟೆ.

ಆಮೇಲೆ ಬಾಗೆರ್‌ಹಾಟ್ ಎಂಬ ಊರಿನ ಕಾಲೇಜಿನಲ್ಲಿ ಕೆಲವು ತಿಂಗಳು. ದಿಲ್ಲಿಯ ರಾಮ್‌ಜಸ್ ಕಾಲೇಜಿನಲ್ಲಿ ಇನ್ನು ಕೆಲವು ತಿಂಗಳು. 1930ರ ಮೇ ತಿಂಗಳಲ್ಲಿ ಢಾಕಾದಲ್ಲಿ ಲಾವಣ್ಯಪ್ರಭಾ ಅವರೊಂದಿಗೆ ಮದುವೆ. ಮದುವೆಗೆಂದು ಬಂದ ವರ ಮತ್ತೆ ದಿಲ್ಲಿಯ ಕೆಲಸಕ್ಕೆ ಮರಳಲಿಲ್ಲ. ಮರುವರ್ಷ ಮಗಳು ಹುಟ್ಟಿದಾಗಲೂ ಅವರ ಕೈಯಲ್ಲಿ ಕೆಲಸವಿರಲಿಲ್ಲ. 1935ರಲ್ಲಿ ಬಾರಿಸಾಲಿನ ಬ್ರಜಮೋಹನ ಕಾಲೇಜಿನಲ್ಲಿ ನೌಕರಿ ಸಿಗುವವರೆಗೆ ಸುಮಾರು ಐದು ವರ್ಷ ಅವರು ನಿರುದ್ಯೋಗಿ. ಜಗತ್ತಿನ ಆರ್ಥಿಕ ಕುಸಿತದ ಕಾಲ ಅದು. ಎಂ.ಎ. ಪದವಿ ಹಿಡಿದು ಕಲ್ಕತ್ತದ ಮೆಸ್ಸುಗಳಲ್ಲಿ ತಂಗಿ ಕೆಲಸಕ್ಕೆ ಅಲೆಯುವ ತರುಣರು ಸಾವಿರಗಟ್ಟಲೆ ಇದ್ದರು. ಜೀವನಾನಂದರು ಮನೆಪಾಠ ಹೇಳಿದರು, ವಿಮಾ ಏಜೆಂಟರಾಗಿ ಪ್ರಯತ್ನಿಸಿದರು, ಸಾಲ ಮಾಡಿ ವ್ಯಾಪಾರಕ್ಕೂ ಕೈಹಾಕಿದರು. ಯಾವುದೂ ಕೈಹಿಡಿಯಲಿಲ್ಲ.

ಅದೇ ವರ್ಷಗಳಲ್ಲಿ, ಯಾರಿಗೂ ಹೇಳದೆ, ಅವರು ಬರೆಯುತ್ತಿದ್ದರು. 1931ರಿಂದ 1933ರ ನಡುವೆ ಕಥೆಗಳ ಮೇಲೆ ಕಥೆಗಳು, ಕಾದಂಬರಿಗಳ ಮೇಲೆ ಕಾದಂಬರಿಗಳು ಹುಟ್ಟಿದವು. 1934ರಲ್ಲಿ ಒಂದು ನೋಟುಪುಸ್ತಕದ ತುಂಬ ಬಂಗಾಳದ ಹಳ್ಳಿಗಾಡಿನ ಮೇಲೆ ಸಾನೆಟ್ಟುಗಳು ಬಂದವು. ಎಲ್ಲವೂ ಟ್ರಂಕು ಸೇರಿದವು.

ಹೊಸದೇನಿತ್ತು?

ಪತ್ರಿಕೆಗಳಲ್ಲಿ ಬಂದ ಕವಿತೆಗಳೇ ಆಗ ಸಾಕಷ್ಟು ಗದ್ದಲ ಎಬ್ಬಿಸಿದ್ದವು. ಸುಧೀಂದ್ರನಾಥ ದತ್ತರ ‘ಪರಿಚಯ’ ಪತ್ರಿಕೆಯಲ್ಲಿ 1932ರಲ್ಲಿ ‘ಕ್ಯಾಂಪೆ’ (ಶಿಬಿರದಲ್ಲಿ) ಎಂಬ ಕವಿತೆ ಬಂತು. ಕಾಡಿನಲ್ಲಿ ಬೇಟೆಗಾರರ ಬಿಡಾರ. ಗಂಡು ಜಿಂಕೆಗಳನ್ನು ಸೆಳೆದು ಗುಂಡಿಗೆ ಬಲಿ ಕೊಡಲು ಒಂದು ಹೆಣ್ಣು ಜಿಂಕೆಯನ್ನು ಬಳಸುತ್ತಾರೆ. ಇಡೀ ರಾತ್ರಿ ಆ ಕರೆಯನ್ನು ಕೇಳುತ್ತ ಮಲಗಿರುವವನಿಗೆ ಮನುಷ್ಯರ ಪ್ರೇಮವೂ ಹೀಗೆಯೇ ಅಲ್ಲವೇ ಎನಿಸುತ್ತದೆ. ಸಜನೀಕಾಂತ ದಾಸರ ‘ಶನಿವಾರೇರ್ ಚಿಠಿ’ ಎಂಬ ವಿಡಂಬನ ಪತ್ರಿಕೆ ಇದನ್ನು ಅಶ್ಲೀಲವೆಂದು ಹೀಯಾಳಿಸಿತು. ಆ ಪತ್ರಿಕೆಗೆ ಜೀವನಾನಂದರು ಮೆಚ್ಚಿನ ಗುರಿ. ಅವರ ಸಾಲುಗಳನ್ನು ಎತ್ತಿಕೊಂಡು ನಗೆಯಾಡುವುದು ಅದರಲ್ಲಿ ಮಾಮೂಲಾಗಿತ್ತು. ಜೀವನಾನಂದರು ಕವಿತೆಯ ಸಮರ್ಥನೆಗೆ ಒಂದು ಟಿಪ್ಪಣಿ ಬರೆದರು. ಅದನ್ನೂ ಪ್ರಕಟಿಸಲಿಲ್ಲ. ಅದು ಹೊರಬಂದದ್ದು ಅವರು ಸತ್ತ ಮೇಲೆ.

ಗದ್ದಲದ ಆಚೆಗೆ ನಿಂತು ನೋಡಿದರೆ ಅವರ ಕಾವ್ಯದ ಹೊಸತನ ಮೂರು ಬಗೆಯದು. ಮೊದಲನೆಯದು ಇಂದ್ರಿಯಗಳದ್ದು. ಅವರ ಪ್ರಕೃತಿ ನೋಡುವ ಪ್ರಕೃತಿಯಷ್ಟೇ ಅಲ್ಲ, ಮೂಸುವ, ಮುಟ್ಟುವ ಪ್ರಕೃತಿ. ಬೆಳಕಿಗೆ ವಾಸನೆಯಿದೆ, ಕತ್ತಲೆಗೆ ಮೈಯಿದೆ. ನವಿಲು, ಕೋಗಿಲೆಗಳ ಬದಲು ಗೂಬೆ, ಹದ್ದು, ಇಲಿ, ಕಪ್ಪೆ, ಕಾಗೆಗಳು ಅಲ್ಲಿ ಓಡಾಡುತ್ತವೆ. ಎರಡನೆಯದು ಭಾಷೆಯದ್ದು. ಸಂಸ್ಕೃತದ ಗಂಭೀರ ಪದದ ಪಕ್ಕದಲ್ಲೇ ಬಾರಿಸಾಲಿನ ಆಡುಮಾತು, ಅದರ ಪಕ್ಕದಲ್ಲೇ ಇಂಗ್ಲಿಷ್ ಶಬ್ದ. ಹಳೆಯ ಪಯಾರ್ ಛಂದಸ್ಸಿನ ಸಾಲನ್ನು ಉದ್ದಕ್ಕೆ ಎಳೆದು, ಅರೆನಿದ್ದೆಯಲ್ಲಿ ಮಾತಾಡುವವನ ಲಯವನ್ನು ಅದಕ್ಕೆ ತಂದರು. ‘ಹಾಗೆ’, ‘ಅದರಂತೆ’ ಎಂಬ ಉಪಮಾವಾಚಕಗಳನ್ನು ಅವರಷ್ಟು ಧಾರಾಳವಾಗಿ ಬಳಸಿದ ಬಂಗಾಳಿ ಕವಿ ಇನ್ನೊಬ್ಬರಿಲ್ಲ. ಮೂರನೆಯದು ಕಾಲದ್ದು. ಅವರ ಕವಿತೆಯ ಮನುಷ್ಯ ಕಲ್ಕತ್ತದ ಬೀದಿಯಲ್ಲಿ ನಡೆಯುತ್ತಿರುವಾಗಲೇ ಬ್ಯಾಬಿಲೋನ್, ವಿದಿಶಾ, ಶ್ರಾವಸ್ತಿಗಳಲ್ಲೂ ನಡೆಯುತ್ತಿರುತ್ತಾನೆ.

ಈ ಮೂರೂ ಕೂಡಿದ ಕವಿತೆ ‘ಬನಲತಾ ಸೇನ್’. ಬುದ್ಧದೇವ ಬೋಸ್ ಸಂಪಾದಿಸುತ್ತಿದ್ದ ‘ಕವಿತಾ’ ಪತ್ರಿಕೆಯಲ್ಲಿ 1935ರ ಕೊನೆಗೆ ಅದು ಬಂತು. ಕೇವಲ 18 ಸಾಲು. ಬಿಂಬಿಸಾರ, ಅಶೋಕರ ಕಾಲದಿಂದ ಸಮುದ್ರಗಳನ್ನು ದಾಟಿ ನಡೆದು ದಣಿದವನೊಬ್ಬ, ನಾಟೋರ್ ಎಂಬ ಸಾಧಾರಣ ಊರಿನ ಸಾಧಾರಣ ಹೆಸರಿನ ಹೆಣ್ಣೊಬ್ಬಳ ಎದುರು ಕ್ಷಣಕಾಲ ನೆಮ್ಮದಿ ಪಡೆಯುತ್ತಾನೆ. ಬನಲತಾ ಎಂಬುದು ದೇವಿಯ ಹೆಸರಲ್ಲ, ರಾಜಕುಮಾರಿಯ ಹೆಸರಲ್ಲ. ನೆರೆಮನೆಯ ಹುಡುಗಿಗೆ ಇರಬಹುದಾದ ಹೆಸರು. ಆ ಸಾಧಾರಣತೆಯೇ ಕವಿತೆಯ ಶಕ್ತಿ. 1942ರಲ್ಲಿ ಅದೇ ಹೆಸರಿನ 16 ಪುಟಗಳ ಪುಟ್ಟ ಪುಸ್ತಿಕೆ ಬುದ್ಧದೇವರ ‘ಒಂದು ಪೈಸೆಗೊಂದು’ ಮಾಲೆಯಲ್ಲಿ ನಾಲ್ಕಾಣೆಗೆ ಮಾರಾಟವಾಯಿತು. ಇಂದು ಆ ಕವಿತೆಯನ್ನು ಓದದ ಬಂಗಾಳಿ ಓದುಗ ಸಿಗುವುದು ಕಷ್ಟ.

ರವೀಂದ್ರನಾಥರೇನೆಂದರು? ಜೀವನಾನಂದರು ಎಳೆಯ ವಯಸ್ಸಿನಲ್ಲಿ ಕಳಿಸಿದ್ದ ಪದ್ಯಗಳನ್ನು ನೋಡಿ, ಪ್ರತಿಭೆಯಿದೆ, ಆದರೆ ಭಾಷೆಯ ಮೇಲೆ ಇಷ್ಟೊಂದು ಬಲಪ್ರಯೋಗ ಏಕೆ ಎಂಬರ್ಥದಲ್ಲಿ ಬರೆದಿದ್ದರು. ಶಾಂತಿಯೊಂದೇ ದೊಡ್ಡ ಕಾವ್ಯದ ಲಕ್ಷಣವಲ್ಲ, ಅಶಾಂತಿಯಿಂದಲೂ ದೊಡ್ಡ ಕಲೆ ಹುಟ್ಟಿದೆ ಎಂದು ತರುಣ ಕವಿ ವಿನಯದಿಂದಲೇ ವಾದಿಸಿದ. ವರ್ಷಗಳ ನಂತರ, ‘ಕವಿತಾ’ದಲ್ಲಿ ಬಂದ ‘ಮೃತ್ಯುರ್ ಆಗೆ’ (ಸಾವಿಗೆ ಮೊದಲು) ಕವಿತೆಯನ್ನು ಓದಿದ ರವೀಂದ್ರರು ‘ಚಿತ್ರರೂಪಮಯ’ ಎಂಬ ಒಂದು ಮಾತಿನಲ್ಲಿ ಮೆಚ್ಚಿಕೊಂಡರು. 1938ರಲ್ಲಿ ತಾವು ಸಂಪಾದಿಸಿದ ಬಂಗಾಳಿ ಕಾವ್ಯ ಸಂಗ್ರಹಕ್ಕೆ ಅದನ್ನು ಸೇರಿಸಿಕೊಂಡರು, ಆದರೆ ಕತ್ತರಿಸಿ. ಹಿರಿಯರ ಮೆಚ್ಚುಗೆಯಲ್ಲೂ ಅನುಮಾನ ಉಳಿದಿತ್ತು.

ಊರು ಪರದೇಶವಾದದ್ದು

1935ರಿಂದ ಸುಮಾರು 11 ವರ್ಷ ಜೀವನಾನಂದರು ಬಾರಿಸಾಲಿನಲ್ಲಿದ್ದರು. ಅವರ ಬದುಕಿನಲ್ಲಿ ಸ್ಥಿರವೆನ್ನಬಹುದಾದ ಕಾಲ ಇದೊಂದೇ. ಹೊರಗೆ ಜಗತ್ತು ಸ್ಥಿರವಾಗಿರಲಿಲ್ಲ. ಯುದ್ಧ ಬಂತು, 1943ರ ಭೀಕರ ಕ್ಷಾಮ ಬಂತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು, ಗಂಜಿಗಾಗಿ ಹಳ್ಳಿಗರು ಕಲ್ಕತ್ತದ ಪಾದಚಾರಿ ಹಾದಿಗಳಿಗೆ ಬಂದು ಬಿದ್ದರು. 1944ರ ‘ಮಹಾಪೃಥಿವಿ’, 1948ರ ‘ಸಾತ್‌ಟಿ ತಾರಾರ್ ತಿಮಿರ್’ (ಏಳು ನಕ್ಷತ್ರಗಳ ಕತ್ತಲೆ) ಸಂಕಲನಗಳಲ್ಲಿ ಗದ್ದೆಯ ಪರಿಮಳ ಹಿಂದೆ ಸರಿದು ನಗರದ ಕತ್ತಲೆ ಮುಂದೆ ಬಂತು. ನಡುರಾತ್ರಿಯಲ್ಲಿ ಬೀದಿಯ ಕೊಳಾಯಿಗೆ ನಾಲಗೆ ಚಾಚುವ ಕುಷ್ಠರೋಗಿ, ಹೆಂಡತಿ ಮಕ್ಕಳಿದ್ದೂ ಹಗ್ಗ ಹಿಡಿದು ಮರದತ್ತ ನಡೆಯುವ ಮನುಷ್ಯ ಈ ಕಾಲದ ಕವಿತೆಗಳಲ್ಲಿದ್ದಾರೆ.

1946ರಲ್ಲಿ ರಜೆ ಪಡೆದು ಅವರು ಕಲ್ಕತ್ತಕ್ಕೆ ಬಂದರು. ಆ ವರ್ಷದ ಆಗಸ್ಟಿನಲ್ಲಿ ಆ ನಗರದಲ್ಲಿ ಕೋಮುಗಲಭೆಯಾಗಿ ಸಾವಿರಾರು ಜನ ಸತ್ತರು. ಮರುವರ್ಷ ದೇಶ ಇಬ್ಭಾಗವಾಯಿತು, ಬಾರಿಸಾಲು ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಅವರು ಮತ್ತೆ ಊರಿಗೆ ಹೋಗಲಿಲ್ಲ. ‘1946-47’ ಎಂಬ ಕವಿತೆಯಲ್ಲಿ ಕೊಂದವನೂ ಸತ್ತವನೂ ತನ್ನ ಅಣ್ಣತಮ್ಮನೇ ಎಂಬ ಭಾವದಲ್ಲಿ ಸಾಮಾನ್ಯ ಮುಸ್ಲಿಮರ, ಹಿಂದೂಗಳ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಬದುಕಿನಿಂದ ಓಡಿಹೋದ ಕವಿಯೆಂದು ಅವರನ್ನು ದೂರುತ್ತಿದ್ದ ಪ್ರಗತಿಪಂಥದ ವಿಮರ್ಶಕರಿಗೆ ಈ ಒಂದು ಕವಿತೆಯೇ ಉತ್ತರ.

ಕಲ್ಕತ್ತದಲ್ಲಿ ಮತ್ತೆ ಹಳೆಯ ಅಲೆದಾಟ. 1947ರಲ್ಲಿ ‘ಸ್ವರಾಜ್’ ಎಂಬ ದೈನಿಕದ ಭಾನುವಾರದ ಸಾಹಿತ್ಯ ಪುಟ ನೋಡಿಕೊಳ್ಳುವ ಕೆಲಸ ಸಿಕ್ಕಿತು, ಕೆಲವೇ ತಿಂಗಳಿಗೆ ಹೋಯಿತು. ಖರಗಪುರದ ಕಾಲೇಜಿನಲ್ಲಿ ಕೆಲವು ತಿಂಗಳು, ಬಡಿಶಾ ಕಾಲೇಜಿನಲ್ಲಿ ಕೆಲವು ತಿಂಗಳು. ಕೊನೆಗೆ 1953ರಲ್ಲಿ ಹೌರಾದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಂದು ನೆಲೆ. ಲಾನ್ಸ್‌ಡೌನ್ ರಸ್ತೆಯ ಬಾಡಿಗೆ ಮನೆಯ ಒಂದು ಕೋಣೆಯನ್ನು ಖರ್ಚಿನ ಭಾರ ಇಳಿಸಲು ಮರುಬಾಡಿಗೆಗೆ ಕೊಟ್ಟು, ಅದರಿಂದಲೇ ಮನೆಯಲ್ಲಿ ನೆಮ್ಮದಿ ಹಾಳಾಯಿತು. ‘ಪೂರ್ವಾಶಾ’ ಪತ್ರಿಕೆಯ ಸಂಪಾದಕ ಸಂಜಯ ಭಟ್ಟಾಚಾರ್ಯರಿಗೆ ಬರೆದ ಪತ್ರವೊಂದರಲ್ಲಿ ತುರ್ತಾಗಿ ಹಣ ಬೇಕೆಂದು ಕೇಳುತ್ತ, ಬೇಕಿದ್ದರೆ ತಮ್ಮ ಕಾದಂಬರಿಯನ್ನು ಪ್ರಕಟಿಸಬಹುದು, ಆದರೆ ಗುಪ್ತನಾಮದಲ್ಲಿ ಎಂದು ಸೂಚಿಸಿದ್ದರು. ಟ್ರಂಕಿನೊಳಗಿನ ಗದ್ಯ ಅಂದು ಹೊರಬರಲು ಇದ್ದ ಒಂದೇ ಬಾಗಿಲು ಅದಾಗಿತ್ತು. ಅದೂ ತೆರೆಯಲಿಲ್ಲ.

ಹೆಸರು ಬರುತ್ತಿದ್ದ ಹೊತ್ತು

ವಿಚಿತ್ರವೆಂದರೆ ಆ ಹೊತ್ತಿಗೆ ಹೆಸರು ಬರತೊಡಗಿತ್ತು. 1952ರಲ್ಲಿ ಸಿಗ್ನೆಟ್ ಪ್ರೆಸ್ ‘ಬನಲತಾ ಸೇನ್’ ಸಂಕಲನದ ವಿಸ್ತೃತ ಆವೃತ್ತಿಯನ್ನು ಹೊರತಂದಿತು. ಮುಖಪುಟ ಬರೆದವರು, ಆಗಿನ್ನೂ ‘ಪಥೇರ್ ಪಾಂಚಾಲಿ’ಯನ್ನು ತೆರೆಗೆ ತಂದಿರದ ಸತ್ಯಜಿತ್ ರಾಯ್. 1954ರ ಜನವರಿಯಲ್ಲಿ ಕಲ್ಕತ್ತದ ಸೆನೆಟ್ ಹಾಲಿನ ಕವಿ ಸಮ್ಮೇಳನದಲ್ಲಿ ಸಂಕೋಚದ ಕವಿ ತುಂಬಿದ ಸಭೆಯ ಎದುರು ಕವಿತೆ ಓದಿದರು. ಅದೇ ವರ್ಷ ‘ಶ್ರೇಷ್ಠ ಕವಿತಾ’ ಎಂಬ ಆಯ್ದ ಸಂಕಲನ ಬಂತು. ತರುಣ ಕವಿಗಳು ಮನೆ ಹುಡುಕಿಕೊಂಡು ಬರುತ್ತಿದ್ದರು.

ಅಂಥ ತರುಣರಲ್ಲಿ ‘ಮಯೂಖ’ ಎಂಬ ಕಿರುಪತ್ರಿಕೆಯ ಗುಂಪಿನ, ವೈದ್ಯಕೀಯ ಓದುತ್ತಿದ್ದ ಭೂಮೇಂದ್ರ ಗುಹ ಒಬ್ಬರು. ಅಪಘಾತದ ನಂತರದ ಎಂಟು ದಿನ ಆಸ್ಪತ್ರೆಯಲ್ಲಿ ಕವಿಯ ಶುಶ್ರೂಷೆಗೆ ನಿಂತವರು ಈ ಹುಡುಗರು. ಇನ್ನೊಬ್ಬರೂ ಓಡಾಡಿದರು. ವರ್ಷಗಟ್ಟಲೆ ಜೀವನಾನಂದರನ್ನು ಗೇಲಿ ಮಾಡಿದ ಅದೇ ಸಜನೀಕಾಂತ ದಾಸರು! ಒಳ್ಳೆಯ ಚಿಕಿತ್ಸೆ ಸಿಗಲೆಂದು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಸ್ವತಃ ಹೆಸರಾಂತ ವೈದ್ಯರಾಗಿದ್ದ ಮುಖ್ಯಮಂತ್ರಿ ಬಿಧಾನಚಂದ್ರ ರಾಯ್ ಅವರನ್ನೇ ಒಪ್ಪಿಸಿ ಆಸ್ಪತ್ರೆಗೆ ಕರೆತಂದರು. ಬಂಗಾಳಿ ಸಾಹಿತ್ಯದ ಜಗಳಗಳ ಇತಿಹಾಸದಲ್ಲಿ ಇದು ಮರೆಯಬಾರದ ಪುಟ.

ಕೇಂದ್ರ ಸಾಹಿತ್ಯ ಅಕಾಡೆಮಿ ತನ್ನ ಪ್ರಶಸ್ತಿಗಳನ್ನು ಮೊಟ್ಟಮೊದಲು ಕೊಟ್ಟದ್ದು 1955ರಲ್ಲಿ. ಕನ್ನಡದಲ್ಲಿ ಆ ಗೌರವ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ ಸಂದಿತೆಂಬುದು ಕನ್ನಡಿಗರಿಗೆ ಗೊತ್ತು. ಅದೇ ಪಟ್ಟಿಯಲ್ಲಿ ಬಂಗಾಳಿಗೆ ಆಯ್ಕೆಯಾದದ್ದು ಜೀವನಾನಂದರ ‘ಶ್ರೇಷ್ಠ ಕವಿತಾ’. ಪಡೆಯಲು ಕವಿ ಇರಲಿಲ್ಲ.

ಟ್ರಂಕು ತೆರೆದಾಗ

ಮೊದಲು ಹೊರಬಂದದ್ದು 1934ರ ಆ ಸಾನೆಟ್ಟುಗಳ ನೋಟುಪುಸ್ತಕ. ತಮ್ಮ ಅಶೋಕಾನಂದ ದಾಸ್ ಮುಂದೆ ನಿಂತು 1957ರಲ್ಲಿ ‘ರೂಪಸೀ ಬಾಂಗ್ಲಾ’ (ಚೆಲುವೆ ಬಂಗಾಳ) ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು. ಸುಮಾರು 60 ಕವಿತೆಗಳ ಆ ಪುಸ್ತಕ ಜೀವನಾನಂದರನ್ನು ಮನೆಮನೆಗೆ ತಲುಪಿಸಿತು. ಮತ್ತೆ ಹುಟ್ಟುವುದಾದರೆ ಹದ್ದಾಗಿಯೋ ಗೊರವಂಕವಾಗಿಯೋ ಸರಿ, ಈ ನದಿಯ ದಡಕ್ಕೇ ಬರುವೆನೆಂಬ ಹಂಬಲ ಅದರಲ್ಲಿತ್ತು. 1971ರಲ್ಲಿ ಬಾಂಗ್ಲಾದೇಶದ ವಿಮೋಚನೆಗಾಗಿ ಹೋರಾಡಿದವರು ಆ ಕವಿತೆಗಳಲ್ಲಿ ತಮ್ಮ ನಾಡನ್ನು ಕಂಡರು. ನಿರುದ್ಯೋಗಿಯೊಬ್ಬ 37 ವರ್ಷ ಹಿಂದೆ ಬರೆದು ಮುಚ್ಚಿಟ್ಟ ಪದ್ಯಗಳು, ಅವನು ಊಹಿಸಿಯೂ ಇರದ ಒಂದು ದೇಶದ ಹುಟ್ಟಿಗೆ ದನಿಯಾದವು.

ಆದರೆ ಈ ಪುಸ್ತಕ ಜೀವನಾನಂದರ ಒಂದು ಮುಖವನ್ನೇ ಗಟ್ಟಿಮಾಡಿತು. ಅದು ಹಸಿರು ಬಂಗಾಳದ, ಮಂಜು ಹನಿಯ, ಮೃದು ವಿಷಾದದ ಕವಿಯ ಮುಖ. ಇನ್ನೊಂದು ಮುಖ ಕಾಣಿಸಿದ್ದು 1973ರಲ್ಲಿ, ‘ಮಾಲ್ಯವಾನ್’ ಕಾದಂಬರಿ ಪ್ರಕಟವಾದಾಗ. 1948ರಲ್ಲಿ ಬರೆದ ಇದರ ನಾಯಕ ಕಲ್ಕತ್ತದ ಒಬ್ಬ ಸಾಮಾನ್ಯ ಗುಮಾಸ್ತ. ಬಾಡಿಗೆ ಮನೆಯ ಕೆಳಮಹಡಿಯಲ್ಲಿ ಅವನು, ಮೇಲುಮಹಡಿಯಲ್ಲಿ ಹೆಂಡತಿ ಮತ್ತು ಮಗಳು. ನಡುವೆ ಬರಿಯ ಮೆಟ್ಟಿಲಲ್ಲ, ವರ್ಷಗಳ ಅಸಹನೆ. ಹೆಂಡತಿಯ ಅಣ್ಣನ ಸಂಸಾರ ಬಂದಾಗ ಗಂಡ ಮೆಸ್ಸಿಗೆ ಹೋಗಿ ಇರಬೇಕಾಗುತ್ತದೆ. ಇಷ್ಟು ನಿರ್ದಯವಾಗಿ ದಾಂಪತ್ಯವನ್ನು ನೋಡಿದ ಕಾದಂಬರಿ ಬಂಗಾಳಿಯಲ್ಲಿ ವಿರಳ. 1985ರಿಂದ ಕಾದಂಬರಿಕಾರ ದೇವೇಶ ರಾಯ್ ಸಂಪಾದಕತ್ವದಲ್ಲಿ ಸಮಗ್ರ ಕೃತಿಗಳ ಸಂಪುಟಗಳು ಬರತೊಡಗಿದ ಮೇಲೆ ಉಳಿದ ಗದ್ಯವೂ ಓದುಗರ ಕೈಸೇರಿತು. ಜೀವನಾನಂದರ ಜೀವನವನ್ನು ಕುರಿತು ಅಮೆರಿಕದ ವಿದ್ವಾಂಸ ಕ್ಲಿಂಟನ್ ಸೀಲಿ ಇಂಗ್ಲಿಷಿನಲ್ಲಿ ಬರೆದ ಗ್ರಂಥ 1990ರಲ್ಲಿ ಬಂತು.

ಈ ಕೆಲಸದ ಹಿಂದೆ ಬಹುಪಾಲು ಇದ್ದವರು ಅದೇ ಭೂಮೇಂದ್ರ ಗುಹ. ಆಸ್ಪತ್ರೆಯಲ್ಲಿ ಕವಿಯ ಪಕ್ಕ ಕುಳಿತಿದ್ದ ವಿದ್ಯಾರ್ಥಿ ಮುಂದೆ ಹೃದಯ ಶಸ್ತ್ರವೈದ್ಯರಾದರು. ವೃತ್ತಿಯ ಜೊತೆಗೇ ದಶಕಗಟ್ಟಲೆ ಭೂತಗನ್ನಡಿ ಹಿಡಿದು ಜೀವನಾನಂದರ ಹೊಡೆದುಹಾಕಿದ ಸಾಲುಗಳನ್ನು, ಮಸುಕಾದ ಅಕ್ಷರಗಳನ್ನು ಬಿಡಿಸಿ ನಕಲು ಮಾಡಿದರು. 2015ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಕೆಲಸ ನಿಲ್ಲಲಿಲ್ಲ. ಒಬ್ಬ ಕವಿಗೆ ಇಂಥ ಓದುಗ ಸಿಗುವುದು ಪ್ರಶಸ್ತಿಗಿಂತ ದೊಡ್ಡದು.

ಹೊರಬಂದದ್ದರಿಂದ ಬದಲಾದದ್ದೇನು?

‘ಕಾರುವಾಸನಾ’ (ಕಲೆಯ ಹಂಬಲ) ಎಂಬ ಕಾದಂಬರಿ 1933ರದ್ದು. ಅದರ ನಾಯಕ ಎಂ.ಎ. ಓದಿಯೂ ಕೆಲಸ ಸಿಗದೆ ತಂದೆಯ ಮನೆಯಲ್ಲಿ ಹೆಂಡತಿ ಮಗುವಿನೊಂದಿಗೆ ಬಿದ್ದಿರುವ ತರುಣ. ಕೆಲಸ ಹುಡುಕಲು ಕಲ್ಕತ್ತಕ್ಕೆ ಹೊರಡುವ ಮುಂಚಿನ ದಿನಗಳು ಅದರ ವಸ್ತು. ಕಲೆಯ ಹಂಬಲವೇ ತನ್ನನ್ನು ಸಂಸಾರಕ್ಕೆ ಅಯೋಗ್ಯನನ್ನಾಗಿ ಮಾಡಿತೇ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಆ ಕಾದಂಬರಿಯಲ್ಲಿ ಅವನ ನೆನಪಿಗೆ ಬರುವ ನೆರೆಮನೆಯ ಹುಡುಗಿಯೊಬ್ಬಳ ಹೆಸರು ಬನಲತಾ. ಅಂದರೆ, ಬಂಗಾಳಿ ಕಾವ್ಯದ ಆ ಪ್ರಸಿದ್ಧ ಹೆಣ್ಣು ಮೊದಲು ಕಾಣಿಸಿಕೊಂಡದ್ದು ನಿರುದ್ಯೋಗಿಯ ಕಥೆಯಲ್ಲಿ. ಸಾವಿರಾರು ವರ್ಷ ನಡೆದ ದಣಿವು ಎಂಬುದು ಕವಿಸಮಯದ ಅಲಂಕಾರವಷ್ಟೇ ಅಲ್ಲ, ಅರ್ಜಿ ಹಿಡಿದು ಬಾಗಿಲಿಂದ ಬಾಗಿಲಿಗೆ ತಿರುಗಿದ ಕಾಲುಗಳ ದಣಿವೂ ಅದರಲ್ಲಿದೆ. ಏಕಾಂಗಿ ಕವಿ ಎಂಬ ಬಿರುದನ್ನೂ ಈ ಬೆಳಕಿನಲ್ಲಿ ನೋಡಬೇಕು. ಆ ಏಕಾಂತ ಕವಿ ತಾನಾಗಿ ಆಯ್ದುಕೊಂಡ ಸುಖವಾಗಿರಲಿಲ್ಲ. ಕೆಲಸ, ಮನೆ, ಊರು ಒಂದೊಂದಾಗಿ ಕೈತಪ್ಪಿದವನಿಗೆ ಉಳಿದ ಜಾಗ ಅದಾಗಿತ್ತು.

ಇಲ್ಲಿ ಒಂದು ಎಚ್ಚರವೂ ಬೇಕು. ದಿನಚರಿ, ಕಾದಂಬರಿಗಳನ್ನು ಬೀಗದಕೈಯಂತೆ ಬಳಸಿ ಪ್ರತಿ ಕವಿತೆಗೂ ಒಂದು ಘಟನೆಯನ್ನು ಹುಡುಕುವುದು ಸುಲಭ. ಟ್ರಾಮಿನ ಅಪಘಾತ ಬರಿಯ ಅಪಘಾತವೇ ಎಂಬ ಊಹಾಪೋಹವೂ ಅಲ್ಲಿಂದಲೇ ಬಲ ಪಡೆಯಿತು. ಅದರಿಂದ ಕವಿತೆ ಕಿರಿದಾಗುತ್ತದೆಯೇ ಹೊರತು ಹಿರಿದಾಗುವುದಿಲ್ಲ. ಜೊತೆಗೆ, ಬದುಕಿದ್ದವರ ಪ್ರಶ್ನೆಯೂ ಇತ್ತು. ‘ಮಾಲ್ಯವಾನ್’ ಓದಿದವರೆಲ್ಲ ಅದರ ಹೆಂಡತಿಯ ಪಾತ್ರದಲ್ಲಿ ಲಾವಣ್ಯಪ್ರಭಾ ಅವರನ್ನೇ ಹುಡುಕಿದರು. ಹಣವಿಲ್ಲದ ಮನೆಯನ್ನು ನಡೆಸಿದ, ತಾವೂ ಶಾಲೆಯಲ್ಲಿ ದುಡಿದ ಆ ಮಹಿಳೆಗೆ ಕಾದಂಬರಿಯೊಳಗೆ ಉತ್ತರ ಹೇಳುವ ಅವಕಾಶವಿರಲಿಲ್ಲ. ಗಂಡನನ್ನು ಕುರಿತು ಅವರು ಬರೆದ ನೆನಪಿನ ಪುಸ್ತಕದ ಹೆಸರು ‘ಮಾನುಷ್ ಜೀವನಾನಂದ’, ಮನುಷ್ಯನಾಗಿ ಜೀವನಾನಂದ ಎಂದರ್ಥ. ಕವಿಯನ್ನು ಎಲ್ಲರೂ ಬಲ್ಲರು, ಮನುಷ್ಯನನ್ನು ಬಲ್ಲವಳು ತಾನು ಎಂಬ ದನಿ ಆ ಹೆಸರಿನಲ್ಲೇ ಇದೆ.

ಭೂಮೇಂದ್ರ ಗುಹ ನೆನಪಿಸಿಕೊಂಡ ಒಂದು ಪ್ರಸಂಗವಿದೆ. ಕವಿಯ ಶವದ ದರ್ಶನಕ್ಕೆ ಬಂದ ಗಣ್ಯರ ಸಾಲು ನೋಡಿದ ಲಾವಣ್ಯಪ್ರಭಾ ಅವರನ್ನು ಪಕ್ಕಕ್ಕೆ ಕರೆದು, ಇಷ್ಟು ಜನ ಬಂದಿದ್ದಾರೆಂದರೆ ಇವರು ದೊಡ್ಡವರೇ ಇರಬೇಕು, ಬಂಗಾಳಿ ಸಾಹಿತ್ಯಕ್ಕೆ ಬಹಳ ಬಿಟ್ಟುಹೋದರು, ಆದರೆ ನನಗೇನು ಬಿಟ್ಟುಹೋದರು ಎಂಬ ಅರ್ಥದಲ್ಲಿ ಕೇಳಿದರಂತೆ. ಆ ಪ್ರಶ್ನೆಗೆ ವಿಮರ್ಶೆಯಲ್ಲಿ ಉತ್ತರವಿಲ್ಲ. ಟ್ರಂಕಿನಲ್ಲಿದ್ದ ಕಾದಂಬರಿಗಳು ಮಾತ್ರ ಅದೇ ಪ್ರಶ್ನೆಯನ್ನು ಬೇರೆ ಬೇರೆ ಹೆಸರಿನ ಪಾತ್ರಗಳ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದವು. ಆ ಪ್ರಶ್ನೆ ಜೀವನಾನಂದರಿಗೆ ಕೇಳಿಸಿತ್ತು. ಅದನ್ನು ಅವರು ಬರೆದೂ ಇಟ್ಟಿದ್ದರು, ಪ್ರಕಟಿಸಲು ಮಾತ್ರ ಧೈರ್ಯ ಮಾಡಿರಲಿಲ್ಲ.